ಮೂರು ಇಂಚಿನ ಮರಿ, ನಾಲ್ಕು ಅಡಿಯ ಮೀನು

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಒಂದು ಫೋಟೋ ಬಂದಿತ್ತು. ಇಬ್ಬರು ಹುಡುಗರು ಒಂದು ದೊಡ್ಡ ಮೀನನ್ನು ಮಗುವಿನ ಹಾಗೆ ತಬ್ಬಿ ಹಿಡಿದು ನಿಂತಿದ್ದರು. ಕೆರೆಯಲ್ಲಿ ವಿಚಿತ್ರ ಮೀನು ಸಿಕ್ಕಿದೆ, ನೋಡಲು ಜನ ಮುಗಿಬಿದ್ದಿದ್ದಾರೆ ಅಂತ ಕೆಳಗೆ ಎರಡು ಸಾಲು. ಬಣ್ಣದ ಫೋಟೋ, ಹಾಗಾಗಿ ಬಾಲ ಕೆಂಪಗಿರುವುದು ಚೆನ್ನಾಗಿ ಕಾಣುತ್ತಿತ್ತು. ನಾನು ಕಾಫಿ ಲೋಟ ಕೆಳಗಿಟ್ಟು ನಮ್ಮ ಯಜಮಾನರನ್ನು ಕರೆದೆ. ಅವರು ನೋಡಿದವರೇ, "ಅಯ್ಯೋ, ಇದು ನಮ್ಮ ಕೆಂಪಣ್ಣ ಅಲ್ವೇನೇ?" ಅಂದರು.

ಅಲ್ಲ. ಕೆಂಪಣ್ಣ ಸಕಲೇಶಪುರದ ಹತ್ತಿರ ನನ್ನ ತಮ್ಮನ ತೋಟದಲ್ಲಿ ಕ್ಷೇಮವಾಗಿದ್ದಾನೆ. ಅನುಮಾನಕ್ಕೆ ಫೋನ್ ಮಾಡಿಯೂ ಕೇಳಿದೆ. ಆದರೆ ಜಾತಿ ಮಾತ್ರ ಅದೇ, ರೆಡ್‌ಟೇಲ್ ಕ್ಯಾಟ್‌ಫಿಶ್. ಅದರಲ್ಲಿ ವಿಚಿತ್ರ ಏನೂ ಇಲ್ಲ. ಯಾರೋ ಅಕ್ವೇರಿಯಂ ಅಂಗಡಿಯಲ್ಲಿ ಮರಿ ಕೊಂಡು, ಸಾಕಿ, ಸಾಕಲಾಗದೆ ಕೆರೆಗೆ ಬಿಟ್ಟಿದ್ದಾರೆ, ಅಷ್ಟೇ. ಇಷ್ಟು ಖಚಿತವಾಗಿ ಹೇಗೆ ಹೇಳುತ್ತೀರಿ ಅಂತ ಕೇಳಬಹುದು. ನಾನೂ ಒಂದು ಸಲ ಬಕೆಟ್ ಹಿಡಿದು ಹೊರಟವಳೇ.

2020ರಲ್ಲಿ ಲಾಕ್‌ಡೌನ್ ಸಡಿಲವಾದ ಮೇಲೆ ನನ್ನ ಮಗ ಎಲ್ಲ ಹುಡುಗರ ಹಾಗೆ ಮೀನು ಸಾಕುವ ಹುಚ್ಚು ಹಿಡಿಸಿಕೊಂಡ. ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಗಾಜಿನ ತೊಟ್ಟಿ ಬಂತು. ಲೆಕ್ಕ ಹಾಕಿದರೆ ಸುಮಾರು 255 ಲೀಟರ್ ನೀರು. ನಮಗೆ ಅದೇ ಸಮುದ್ರ. ಅಂಗಡಿಯಲ್ಲಿ ಒಂದು ಚಿಕ್ಕ ತೊಟ್ಟಿಯಲ್ಲಿ ಐದು ಮರಿ ಇದ್ದವು. ಮೂರು ಇಂಚು ಇರಬೇಕು. ಮೈ ಮೇಲೆ ಕಪ್ಪು, ಬಾಯಿಂದ ಬಾಲದವರೆಗೆ ಸುಣ್ಣ ಬಳಿದ ಹಾಗೆ ಬಿಳಿ ಪಟ್ಟೆ, ಉದ್ದ ಮೀಸೆ, ಕುಂಕುಮದ ಬಣ್ಣದ ಬಾಲ. ನಿಜ ಹೇಳ್ತೀನಿ, ನನಗೂ ಆಸೆಯಾಯಿತು. "ಇದು ದೊಡ್ಡದಾಗುತ್ತಾ?" ಅಂತ ನಾನೇ ಕೇಳಿದೆ. ಅಂಗಡಿಯವರು, "ಏನೂ ಆಗಲ್ಲ ಮೇಡಂ, ತೊಟ್ಟಿ ಎಷ್ಟಿದೆಯೋ ಅಷ್ಟಕ್ಕೇ ಬೆಳೆಯುತ್ತೆ" ಅಂದರು. ಮುನ್ನೂರೈವತ್ತು ರೂಪಾಯಿ ಕೊಟ್ಟು ಒಂದು ತಂದೆವು. ಉಳಿದ ನಾಲ್ಕು ಅಲ್ಲೇ ಇದ್ದವು.

ಈ ಮಾತನ್ನು ನಂಬಿದವರು ನಾವಷ್ಟೇ ಅಲ್ಲ. ಊರೂರಲ್ಲೂ ಹೀಗೇ ಹೇಳುತ್ತಾರೆ. ಚಿಕ್ಕ ಜಾಗದಲ್ಲಿ ಮೀನು ಬೆಳೆಯದೆ ನಿಂತರೆ ಅದು ಹೊಂದಿಕೊಂಡಿದೆ ಅಂತಲ್ಲ. ತನ್ನ ಹೊಲಸಿನಲ್ಲೇ ಇದ್ದು, ತಿರುಗಲು ಜಾಗವಿಲ್ಲದೆ, ಬೆನ್ನುಮೂಳೆ ಬಾಗಿ ಸೊರಗಿದೆ ಅಂತ ಅರ್ಥ. ಈ ಜಾತಿ ಅಷ್ಟು ಬೇಗ ಸೊರಗುವುದೂ ಇಲ್ಲ. ಆರು ತಿಂಗಳಿಗೆ ಅದು ಒಂದಡಿ ಆಯಿತು. ಜೊತೆಗಿದ್ದ ಎರಡು ಆಸ್ಕರ್ ಮೀನು ಒಂದು ರಾತ್ರಿ ಮಾಯವಾದವು. ಬೆಳಿಗ್ಗೆ ನೋಡಿದರೆ ಇವನ ಹೊಟ್ಟೆ ಕಡುಬಿನ ಹಾಗೆ ಉಬ್ಬಿತ್ತು. ಕೆಂಪಣ್ಣ ಅಂತ ಹೆಸರಿಟ್ಟಿದ್ದು ಆಗಲೇ, ಅಷ್ಟು ತಿನ್ನುವವನಿಗೆ ಅಣ್ಣ ಅನ್ನದೆ ಇನ್ನೇನು ಅನ್ನುವುದು. ಒಂದು ವರ್ಷ ದಾಟುವಷ್ಟರಲ್ಲಿ ಒಂದೂವರೆ ಅಡಿ ಮೀರಿ, ತೊಟ್ಟಿಯ ಅಗಲಕ್ಕಿಂತ ಇವನ ಉದ್ದವೇ ಜಾಸ್ತಿಯಾಯಿತು. ತಿರುಗಬೇಕಾದರೆ ಮೈಯನ್ನು ಬಿಲ್ಲಿನ ಹಾಗೆ ಬಗ್ಗಿಸಿ, ಮೂತಿಯನ್ನು ಗಾಜಿಗೆ ಉಜ್ಜಿಕೊಂಡು ತಿರುಗುತ್ತಿದ್ದ. ಅಷ್ಟರಲ್ಲಿ ಮಗನಿಗೆ ಇಂಜಿನಿಯರಿಂಗ್ ಸೀಟು ಸಿಕ್ಕಿ ಬೆಂಗಳೂರಿಗೆ ಹೊರಟ. "ಅಮ್ಮಾ, ನೋಡ್ಕೋ" ಅಂದ. ನೋಡಿಕೊಂಡೆ. ಆಮೇಲೆ ಓದಲೂ ಶುರು ಮಾಡಿದೆ.

ಓದಿದ ಮೇಲೆ ತಲೆ ಬಿಸಿಯಾಯಿತು. ಇದರ ಊರು ದಕ್ಷಿಣ ಅಮೆರಿಕ, ಅಮೆಜಾನ್, ಒರಿನೊಕೊ ಮತ್ತು ಎಸ್ಸೆಕ್ವಿಬೊ ನದಿಗಳ ಸೀಮೆ. ನಾಲ್ಕು ಅಡಿ ದಾಟಿ ಬೆಳೆಯುತ್ತದೆ. ಗಾಳ ಹಾಕಿ ಹಿಡಿದದ್ದರಲ್ಲಿ ದಾಖಲೆಯ ಮೀನು 2010ರಲ್ಲಿ ಬ್ರೆಜಿಲ್‌ನಲ್ಲಿ ಸಿಕ್ಕಿದ್ದು, 56 ಕೆ.ಜಿ. ಕಾಫಿ ಮೂಟೆ ಎತ್ತಿದವರಿಗೆ ಗೊತ್ತು, 50 ಕೆ.ಜಿ. ಅಂದರೆ ಏನು ಅಂತ. ಅದಕ್ಕಿಂತ ಆರು ಕೆ.ಜಿ. ಜಾಸ್ತಿ. ಇಂಥದ್ದನ್ನು ಟಿ.ವಿ. ಪಕ್ಕದಲ್ಲಿ ಇಟ್ಟುಕೊಂಡಿದ್ದೆವು.

ಆದರೆ ಓದುತ್ತ ಓದುತ್ತ ಅದರ ಮೇಲೆ ಪ್ರೀತಿಯೂ ಬಂತು. ಬ್ರೆಜಿಲ್‌ನಲ್ಲಿ ಇದನ್ನು ಪಿರಾರಾರಾ ಅನ್ನುತ್ತಾರೆ. ಅಲ್ಲಿಯ ತುಪಿ ಭಾಷೆಯಲ್ಲಿ ಪಿರಾ ಅಂದರೆ ಮೀನು, ಅರಾರಾ ಅಂದರೆ ಮಕಾವ್ ಗಿಳಿ. ಆ ಬಾಲ ನೋಡಿದರೆ ಗಿಳಿಮೀನು ಅಂತ ಯಾಕೆ ಕರೆದರು ಅಂತ ಕೇಳಬೇಕಾಗಿಲ್ಲ. ವಿಜ್ಞಾನಿಗಳು ಇಟ್ಟ ಹೆಸರು ಫ್ರಾಕ್ಟೊಸೆಫಲಸ್, ಗ್ರೀಕ್‌ನಲ್ಲಿ ಬೇಲಿ ಹಾಕಿದ ತಲೆ ಅನ್ನುವ ಹಾಗೆ. ತಲೆಯ ಮೇಲೆ ಕೈ ಆಡಿಸಿದರೆ ಚರ್ಮದ ಕೆಳಗೆ ಗಟ್ಟಿ ಮೂಳೆಯ ಗುರಾಣಿ ತಾಗುತ್ತದೆ. ಈ ಕುಲದಲ್ಲಿ ಈಗ ಬದುಕಿರುವುದು ಇದೊಂದೇ ಜಾತಿ. ಉಳಿದ ಅಣ್ಣತಮ್ಮಂದಿರು ಕಲ್ಲಾಗಿ ವೆನೆಜುವೆಲಾ, ಬ್ರೆಜಿಲ್‌ಗಳ ನೆಲದಲ್ಲಿ ಸಿಕ್ಕಿದ್ದಾರೆ.

ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟದ್ದು ಇದರ ಊಟದ ವಿಷಯ. ಅಮೆಜಾನ್‌ನಲ್ಲಿ ಮಳೆಗಾಲ ಬಂದರೆ ನದಿ ಎಷ್ಟೋ ಕಡೆ ಹತ್ತು ಮೀಟರಿಗೂ ಜಾಸ್ತಿ ಏರುತ್ತದೆ. ಕಾಡಿಗೆ ಕಾಡೇ ತಿಂಗಳುಗಟ್ಟಲೆ ನೀರಲ್ಲಿ ನಿಲ್ಲುತ್ತದೆ. ಆಗ ಈ ಮೀನು ನದಿ ಬಿಟ್ಟು ಕಾಡಿನೊಳಗೆ ಹೋಗಿ, ಮರದಿಂದ ಉದುರುವ ಹಣ್ಣು ತಿನ್ನುತ್ತದೆ! ಮೀನು, ಏಡಿ ತಿನ್ನುವ ಪ್ರಾಣಿ ಹಣ್ಣನ್ನೂ ತಿಂದು ಬೀಜವನ್ನು ಬೇರೆ ಕಡೆ ಹಾಕುತ್ತದೆ. ನಮ್ಮ ಮಲೆನಾಡಿನಲ್ಲೂ ಮುಂಗಾರಿನ ಮೊದಲ ದೊಡ್ಡ ಮಳೆಗೆ ಮೀನು ಹೊಳೆ ಬಿಟ್ಟು ಹಳ್ಳ ಹತ್ತಿ ಗದ್ದೆಗೆ ಬರುತ್ತದಲ್ಲ, ಹತ್ತುಮೀನು ಅಂತೀವಲ್ಲ, ನಾವು ಚಿಕ್ಕವರಿದ್ದಾಗ ರಾತ್ರಿ ಗ್ಯಾಸ್‌ಲೈಟ್ ಹಿಡಿದು ಅಪ್ಪನ ಹಿಂದೆ ಹೋಗುತ್ತಿದ್ದೆವು. ಕಾಲಿಗೆ ತಾಗಿ ಸರ‍್ರಂತ ಹೋಗುತ್ತಿದ್ದವು. ಅಲ್ಲಿಯ ಮಕ್ಕಳೂ ಹೀಗೇ ನೋಡುತ್ತಿರಬೇಕು ಅಂತ ಅನ್ನಿಸಿತು. ಅವರ ಗದ್ದೆಯೇ ಒಂದು ಕಾಡು.

ಇನ್ನೊಂದು ಸಂಗತಿ. ಇದನ್ನು ಮೊದಲು ವಿವರಿಸಿದ್ದು ಬರ್ಲಿನ್‌ನ ವೈದ್ಯ ಬ್ಲಾಖ್ ಅವರ ಗ್ರಂಥದಲ್ಲಿ. ಅವರು ತೀರಿಕೊಂಡ ಮೇಲೆ ಷ್ನೈಡರ್ ಅನ್ನುವವರು ಅದನ್ನು ಮುಗಿಸಿ 1801ರಲ್ಲಿ ಅಚ್ಚು ಹಾಕಿಸಿದರು. ನಮ್ಮ ಹೊಳೆಗಳ ಬಾಳೆಮೀನನ್ನು ವಲ್ಲಾಗೊ ಅಟ್ಟು ಅಂತ ವಿವರಿಸಿದ್ದೂ ಅದೇ ಗ್ರಂಥದಲ್ಲಿ! ತಮಿಳಲ್ಲಿ ವಾಳೈ, ತೆಲುಗಲ್ಲಿ ವಾಲುಗ, ನಮ್ಮಲ್ಲಿ ಬಾಳೆ. ಹಣ್ಣಿನ ಬಾಳೆಗೂ ಇದಕ್ಕೂ ಏನು ಸಂಬಂಧ ಅಂತ ಯಾರೂ ತಲೆ ಕೆಡಿಸಿಕೊಳ್ಳಬೇಡಿ. ಒಂದು ಕಾಲದಲ್ಲಿ ಸಂತೆಗೆ ಬಾಳೆಮೀನು ಬಂದರೆ ಅದರ ಬಾಲ ಬುಟ್ಟಿಯಿಂದ ಆಚೆ ಜೋತಾಡುತ್ತಿತ್ತು. ಈಗ ಅದು ಅಳಿವಿನ ಅಪಾಯದಲ್ಲಿರುವ ಮೀನುಗಳ ಪಟ್ಟಿಯಲ್ಲಿದೆ. ಒಂದೇ ಗ್ರಂಥದಲ್ಲಿ ಹೆಸರು ಪಡೆದ ಎರಡು ಮೀನುಗಳಲ್ಲಿ ಒಂದು ಹೊಳೆಯಿಂದ ಕಾಣೆಯಾಗುತ್ತಿದೆ, ಇನ್ನೊಂದು ಎಲ್ಲಿಂದಲೋ ಬಂದು ಕೆರೆಯಲ್ಲಿ ಸಿಗುತ್ತಿದೆ. ಇದನ್ನು ಓದಿದ ದಿನ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಈಗ ಸಾಕುವ ಕಷ್ಟ ಹೇಳುತ್ತೇನೆ. ಕೊಳ್ಳಬೇಕು ಅಂತಿರುವವರು ಇದನ್ನು ಓದಿಯಾದರೂ ಕೈ ಬಿಡಲಿ ಅಂತ.

ಮೊದಲು ನೀರು. ಇಷ್ಟು ತಿನ್ನುವ ಮೀನು ಅಷ್ಟೇ ಗಲೀಜು ಮಾಡುತ್ತದೆ. ಅದರ ಕಿವಿರು ಮತ್ತು ಹೇಲಿನಿಂದ ಅಮೋನಿಯಾ ನೀರಿಗೆ ಸೇರುತ್ತದೆ. ಫಿಲ್ಟರಿನಲ್ಲಿ ಬೆಳೆಯುವ ಬ್ಯಾಕ್ಟೀರಿಯಾ ಅದನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ಮೊದಲ ಎರಡೂ ವಿಷ. ಮೂರನೆಯದು ಕಡಿಮೆ ವಿಷ, ಆದರೆ ಸೇರುತ್ತಾ ಹೋಗುತ್ತದೆ, ನೀರು ಬದಲಾಯಿಸಿಯೇ ತೆಗೆಯಬೇಕು. ವಾರಕ್ಕೊಮ್ಮೆ ಅರ್ಧ ತೊಟ್ಟಿ ನೀರು ಬದಲಾಯಿಸುತ್ತಿದ್ದೆ. ನಲ್ಲಿಯ ನೀರಿನಲ್ಲಿ ಕ್ಲೋರಿನ್ ಇರುತ್ತದೆ, ಅದನ್ನು ತೆಗೆಯುವ ಔಷಧಿ ಹಾಕದೆ ಬಿಡುವ ಹಾಗಿಲ್ಲ. ಮೊದಲು ಗೊತ್ತಿಲ್ಲದೆ ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿದು ಬಟ್ಟೆ ಒಗೆದ ಹಾಗೆ ಒಗೆದೆ. ಒಳ್ಳೆಯ ಬ್ಯಾಕ್ಟೀರಿಯಾ ಎಲ್ಲ ಸತ್ತು ಮೂರು ದಿನ ನೀರು ಹಾಲಿನ ಹಾಗಾಗಿತ್ತು. ಅದನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಅಲ್ಲಾಡಿಸಿ ತೊಳೆಯಬೇಕು.

ಕರೆಂಟ್ ಹೋದರೆ ಎದೆ ಡವಡವ. ಮುರುಗೋಡು ಮೀನು ಮೇಲೆ ಬಂದು ಗಾಳಿ ಕುಡಿದು ಬದುಕುತ್ತದೆ, ಇವನಿಗೆ ಆ ವಿದ್ಯೆ ಇಲ್ಲ. ಆಷಾಢದ ಗಾಳಿಮಳೆಯಲ್ಲಿ ನಮ್ಮ ಕಡೆ ಕರೆಂಟಿನ ಕಥೆ ಗೊತ್ತಲ್ವಾ. ಬ್ಯಾಟರಿಯ ಏರ್ ಪಂಪ್ ಇಟ್ಟುಕೊಂಡು ರಾತ್ರಿ ಎರಡು ಗಂಟೆಗೆ ಎದ್ದು ಹಾಕಿದ್ದೇನೆ. ಚಳಿಗಾಲದಲ್ಲಿ ಹೀಟರ್ ಬೇಕು. 22ರಿಂದ 26 ಡಿಗ್ರಿ ಇದ್ದರೆ ಇವನು ಆರಾಮು. ಆ ಹೀಟರಿಗೂ ಪ್ಲಾಸ್ಟಿಕ್ ಗೂಡು ಬೇಕು, ಇಲ್ಲದಿದ್ದರೆ ಅದಕ್ಕೇ ಒರಗಿ ಮೈ ಸುಟ್ಟುಕೊಳ್ಳುತ್ತಾನೆ. ಗಾಜಿಗೆ ಅಂಟಿಸುವ ರಬ್ಬರ್ ಬಟ್ಟಲು, ಥರ್ಮಾಮೀಟರ್, ಬಣ್ಣದ ಕಲ್ಲು, ಬಾಯಿಗೆ ಹಿಡಿಸಿದ್ದೆಲ್ಲ ಇವನಿಗೆ ಊಟ. ಒಂದು ಸಲ ನಿಂಬೆಹಣ್ಣಿನ ಗಾತ್ರದ ಕಲ್ಲು ನುಂಗಿ ಎರಡು ದಿನ ಸುಮ್ಮನೆ ಬಿದ್ದಿದ್ದ. ಆಮೇಲೆ ಉಗುಳಿದ. ಉಗುಳದೇ ಕರುಳು ಕಟ್ಟಿ ಸಾಯುವ ಮೀನುಗಳೂ ಇವೆ. ಅವತ್ತೇ ಎಲ್ಲ ಕಲ್ಲು ತೆಗೆದು ಬರೀ ಗಾಜಿನ ತಳ ಮಾಡಿದೆ.

ಊಟಕ್ಕೆ ಸಿಗಡಿ, ಮೀನಿನ ತುಂಡು, ಎರೆಹುಳು, ಮುಳುಗುವ ಗುಳಿಗೆ. ಕೋಳಿ, ಕುರಿ ಮಾಂಸ ಕೊಡಬಾರದು, ಅದರ ಕೊಬ್ಬು ಇವಕ್ಕೆ ಆಗಿಬರುವುದಿಲ್ಲ. ಬದುಕಿರುವ ಗೋಲ್ಡ್‌ಫಿಶ್ ಹಾಕುವುದು ಕೆಲವರಿಗೆ ಮಜಾ, ಅದರಿಂದ ರೋಗ ತಗುಲುತ್ತದೆ, ಪೋಷಣೆಯೂ ಸರಿ ಆಗುವುದಿಲ್ಲ. ಮರಿಗೆ ದಿನಾ ಕೊಡಬೇಕು, ದೊಡ್ಡದಾದ ಮೇಲೆ ವಾರಕ್ಕೆ ಎರಡು ಸಲ ಸಾಕು. ಅದು ಕೇಳುತ್ತದೆ ಅಂತ ಕೊಡುತ್ತಾ ಹೋದರೆ ಮುಗೀತು, ಯಾಕಂದ್ರೆ ಅದು ಯಾವಾಗಲೂ ಕೇಳುತ್ತದೆ. ನಾನು ಡಬ್ಬಿಯ ಮುಚ್ಚಳ ತೆಗೆದ ಸದ್ದಿಗೇ ಮೀಸೆ ಮುಂದೆ ಮಾಡಿಕೊಂಡು ಬರುತ್ತಿದ್ದ. ಕ್ಯಾಟ್‌ಫಿಶ್‌ಗಳಿಗೆ ಕಿವಿ ಬಲು ಚುರುಕು, ಗಾಳಿಚೀಲದಿಂದ ಕಿವಿಗೆ ಸಣ್ಣ ಮೂಳೆಗಳ ಸರಪಳಿಯೇ ಇದೆ. ನಾಲಿಗೆಯಲ್ಲಿರುವ ಹಾಗೆ ರುಚಿಯ ಮೊಗ್ಗುಗಳು ಮೀಸೆಯ ತುಂಬಾ, ಮೈಯ ಮೇಲೂ ಇವೆ. ಶ್ರಾವಣದಲ್ಲಿ ನಾವು ಮೀನು, ಮಾಂಸ ಬಿಟ್ಟರೂ ಇವನಿಗೋಸ್ಕರ ಸಿಗಡಿ ಬಿಡಿಸಬೇಕಿತ್ತು. ಅದಕ್ಕೇ ಬೇರೆ ಚಾಕು, ಬೇರೆ ಮಣೆ. ಅತ್ತೆ ಬದುಕಿದ್ದಿದ್ದರೆ ಏನನ್ನುತ್ತಿದ್ದರೋ.

ಮೈಮೇಲೆ ಚಿಪ್ಪಿಲ್ಲ, ಹಾಗಾಗಿ ಬೇರೆ ಮೀನಿಗೆ ಹಾಕುವ ಔಷಧಿಯನ್ನು ಅಳತೆ ನೋಡದೆ ಹಾಕಿದರೆ ಇದು ತಡೆಯುವುದಿಲ್ಲ. ಬಲೆಯಲ್ಲಿ ಎತ್ತಲೂಬಾರದು, ಎದೆಯ ರೆಕ್ಕೆಯ ಮುಳ್ಳು ಸಿಕ್ಕಿಕೊಳ್ಳುತ್ತದೆ. ಒದ್ದೆ ಟಾರ್ಪಾಲಿನಲ್ಲಿ ಇಬ್ಬರು ಹಿಡಿದು ಎತ್ತಬೇಕು. ಮೊದಲ ಸಲ ಎತ್ತಿದಾಗ ಅದು ಗೊರ್ ಅಂತ ಸದ್ದು ಮಾಡಿತು. ನಮ್ಮ ಯಜಮಾನರು ಬಿಟ್ಟೇಬಿಡುತ್ತಿದ್ದರು.

ಇಷ್ಟೆಲ್ಲ ಆಗಿ ಎರಡು ವರ್ಷಕ್ಕೆ ನಾನು ಸೋತೆ. ಎರಡಡಿಯ ಮೀನು, ನಾಲ್ಕಡಿಯ ತೊಟ್ಟಿ. ತಂದ ಅಂಗಡಿಗೆ ಹೋಗಿ ಸುಮ್ನೆ ವಾಪಸ್ ತಗೊಳ್ಳಿ, ದುಡ್ಡು ಬೇಡ ಅಂದೆ. ಅವರು ನಕ್ಕು, "ಯಾರು ತಗೋತಾರೆ ಮೇಡಂ, ಕೆರೆಗೆ ಬಿಡಿ, ಪುಣ್ಯ ಬರುತ್ತೆ" ಅಂದರು. ಬೀದಿಯವರು ಸಾರು ಮಾಡಿ ಅಂದರು. ಒಂದು ಭಾನುವಾರ ದೊಡ್ಡ ನೀಲಿ ಡ್ರಮ್ಮು ಮತ್ತು ಬಕೆಟ್ ಆಟೋಗೆ ಹಾಕಲು ತಯಾರೂ ಆದೆವು. ಕೆರೆ ಯಾವುದು ಅಂತ ಬರೆಯಲು ನಾಚಿಕೆ.

ಹೊರಡುವ ಮುಂಚೆ ಮಗನಿಗೆ ಫೋನ್ ಮಾಡಿದೆ. ಅವನು ಒಂದೇ ಮಾತು ಕೇಳಿದ, "ಅಮ್ಮಾ, ಆ ಕೆರೆ ಕೋಡಿ ಬಿದ್ದರೆ ನೀರು ಎಲ್ಲಿಗೆ ಹೋಗುತ್ತೆ?" ಹೌದಲ್ವಾ. ನಮ್ಮ ಕಡೆ ಒಂದು ಕೆರೆಯ ಕೋಡಿ ಇನ್ನೊಂದು ಕೆರೆಗೆ, ಅಲ್ಲಿಂದ ಹಳ್ಳಕ್ಕೆ, ಹಳ್ಳ ಹೊಳೆಗೆ. ಬಾಬಾಬುಡನ್ ಗಿರಿಯ ಕಡೆಯಿಂದ ಬರುವ ಯಗಚಿ ಬೇಲೂರು ದಾಟಿ ಹೇಮಾವತಿಗೆ ಸೇರುತ್ತದೆ. ಹೇಮಾವತಿ ಗೊರೂರು ಅಣೆಕಟ್ಟು ದಾಟಿ ಕಾವೇರಿಗೆ. ಆ ಕಾವೇರಿಯಲ್ಲಿ, ಅದಕ್ಕೆ ಸೇರುವ ಹೊಳೆಗಳಲ್ಲಿ ಇರುವ ಡುಬ್ಬದ ಬಿಳಿಮೀನು, ಅಂದರೆ ಮಹಶೀರ್, ಬೇರೆ ಯಾವ ನದಿಯಲ್ಲೂ ಇಲ್ಲ. ಅದು ಯಾವ ಜಾತಿ ಅಂತ ವಿಜ್ಞಾನಿಗಳು ಖಚಿತ ಮಾಡಿದ್ದೇ 2018ರಲ್ಲಿ, ಅದೂ ಅಳಿವಿನ ಅಂಚಿನಲ್ಲಿದೆ. ಕಾವೇರಿ ದಡದ ರಾಮನಾಥಪುರದಲ್ಲಿ ದೇವರ ಮೀನು ಅಂತ ಕಡ್ಲೆಪುರಿ ಹಾಕಿ ಕೈ ಮುಗಿಯುವ ನಾವೇ, ಅದೇ ಕಾವೇರಿಗೆ ಸೇರುವ ನೀರಿಗೆ, ಕಂಡದ್ದನ್ನೆಲ್ಲ ನುಂಗುವ ಮೀನನ್ನು ಬಿಟ್ಟು ಪುಣ್ಯ ಅನ್ನುತ್ತೇವೆ.

ಒಂದು ಮೀನಿನಿಂದ ಏನಾಗುತ್ತೆ ಅನ್ನಬಹುದು. ಮರಿ ಹಾಕದಿದ್ದರೂ ಅದು ಹತ್ತಾರು ವರ್ಷ ಬದುಕುತ್ತದೆ, ಬದುಕಿರುವಷ್ಟು ದಿನ ಗಿರ್ಲು, ಕೊರವ, ಸಿಕ್ಕಿದ್ದನ್ನೆಲ್ಲ ತಿನ್ನುತ್ತದೆ. ಬರಗಾಲದಲ್ಲಿ ಕೆರೆ ಬತ್ತಿದರೆ ಕೆಸರಿನಲ್ಲಿ ಒದ್ದಾಡಿ ಸಾಯುತ್ತದೆ, ಅದೂ ಪಾಪವೇ. ಅಕ್ವೇರಿಯಂನಿಂದ ತಪ್ಪಿಸಿಕೊಂಡ ಸಕ್ಕರ್ ಮೀನಿನ ಕಥೆ ನೋಡಿ. ಗಾಜಿನ ಪಾಚಿ ತಿನ್ನುತ್ತದೆ ಅಂತ ತಂದು, ದೊಡ್ಡದಾದ ಮೇಲೆ ಎಸೆದು, ಈಗ ದೇಶದ ಎಷ್ಟೋ ಕೆರೆಗಳಲ್ಲಿ ಅದು ಮರಿ ಹಾಕಿ ದಂಡೆಯಲ್ಲಿ ಬಿಲ ತೋಡಿ ಮೀನುಗಾರರ ಬಲೆ ಹರಿಯುತ್ತಿದೆ. ಕೇರಳದಲ್ಲಿ 2018ರ ಪ್ರವಾಹ ಇಳಿದ ಮೇಲೆ ಹೊಳೆಯಲ್ಲಿ ಅಮೆಜಾನಿನ ಅರಪೈಮ ಸಿಕ್ಕಿತ್ತು. ಅದೂ ಯಾರದೋ ತೊಟ್ಟಿಯದೇ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಸರಿ ಮಾಡಬೇಕು. ನಿಮ್ಮ ಫೋಟೋ ನೋಡಿ ನಮ್ಮ ಪಕ್ಕದ ಮನೆಯವರು, ಇದು ಸರ್ಕಾರ ಬ್ಯಾನ್ ಮಾಡಿರೋ ಕ್ಯಾಟ್‌ಫಿಶ್ ಅಂದರು. ಅದು ಬೇರೆ, ಆಫ್ರಿಕನ್ ಕ್ಯಾಟ್‌ಫಿಶ್, ಹೊಂಡದಲ್ಲಿ ಕೋಳಿ ತ್ಯಾಜ್ಯ ಹಾಕಿ ಸಾಕುತ್ತಾರಲ್ಲ, ಅದು. ಮುರುಗೋಡಿನ ದೊಡ್ಡಪ್ಪನ ಹಾಗೆ ಉದ್ದಕ್ಕೆ, ಕಪ್ಪಗೆ, ಎಂಟು ಮೀಸೆ ಇರುತ್ತದೆ. ಅದನ್ನು 2000ದಲ್ಲೇ ನಿಷೇಧಿಸಿದ್ದಾರೆ. ರೆಡ್‌ಟೇಲಿಗೆ ಮೀಸೆ ಆರು, ಮೈ ಅಗಲ, ಬಾಲ ಕೆಂಪು. ಒಂದು ನಿಷೇಧ, ಇನ್ನೊಂದು ಅಂಗಡಿಯ ಗಾಜಿನೊಳಗೆ ದೀಪ ಹಾಕಿಸಿಕೊಂಡು ಕೂತಿದೆ. ಹೊಳೆಗೆ ಬಿದ್ದ ಮೇಲೆ ಹೊಳೆಗೆ ಎರಡೂ ಒಂದೇ.

ಹಾಗಾದರೆ ಕೆಂಪಣ್ಣ ಏನಾದ? ನನ್ನ ತಮ್ಮನ ತೋಟದಲ್ಲಿ ಹಳೆಯ ಸಿಮೆಂಟ್ ತೊಟ್ಟಿಯೊಂದು ಖಾಲಿ ಬಿದ್ದಿತ್ತು. ಹದಿನೈದು ಅಡಿ ಉದ್ದ, ಹತ್ತು ಅಡಿ ಅಗಲ, ನಾಲ್ಕು ಅಡಿ ಆಳ, ತುಂಬಿಸಿದರೆ ಹತ್ತಿರ ಹತ್ತಿರ 17 ಸಾವಿರ ಲೀಟರ್. ಹಳೆಯದಾದ್ದರಿಂದ ಸಿಮೆಂಟಿನ ಸುಣ್ಣ ಬಿಡುವ ಕಾಟವಿಲ್ಲ. "ಅಕ್ಕಾ, ನಿನ್ನ ಮುಖ ನೋಡಿ ಒಪ್ತಿದೀನಿ, ಮೀನಿನ ಮುಖ ನೋಡಿ ಅಲ್ಲ" ಅಂದ. ಮೇಲೆ ಶೀಟು, ಸುತ್ತ ಜಾಲರಿ, ಎರಡು ದೊಡ್ಡ ಡ್ರಮ್ಮಿನ ಫಿಲ್ಟರು, ಸಕಲೇಶಪುರದ ಚಳಿಗೆ ಥರ್ಮೋಸ್ಟಾಟ್ ಇರುವ ಹೀಟರು. ಖರ್ಚು ಎಷ್ಟಾಯಿತು ಅಂತ ಬರೆದರೆ ನಮ್ಮ ಯಜಮಾನರು ಪತ್ರಿಕೆ ಓದುತ್ತಾರೆ, ಬೇಡ. ತೊಟ್ಟಿಯ ನೀರು ಹಳ್ಳಕ್ಕೆ ಹೋಗುವುದಿಲ್ಲ, ಕಾಫಿ ಗಿಡಕ್ಕೆ ಹೋಗುತ್ತದೆ. ಈಗ ಮೂರೂವರೆ ಅಡಿ ಇದ್ದಾನೆ. ಇತ್ತೀಚೆಗೆ ಮಾಗಿದ ಪಪ್ಪಾಯಿ ತುಂಡು ಹಾಕಿದರೆ ತಿಂದನಂತೆ, ತಮ್ಮ ಫೋನಿನಲ್ಲಿ ಚೀರಿ ಹೇಳಿದ.

ಎಲ್ಲರಿಗೂ ತೋಟದ ತಮ್ಮ ಇರುವುದಿಲ್ಲ. ಅದಕ್ಕೇ ನಾನು ಕೇಳುವುದು ಇಷ್ಟೇ. ಅಂಗಡಿಯ ತೊಟ್ಟಿಗೆ ಬೆಲೆಯ ಚೀಟಿ ಅಂಟಿಸುತ್ತಾರಲ್ಲ, ಅದೇ ಚೀಟಿಯಲ್ಲಿ ಬೆಲೆಯ ಪಕ್ಕ ಇನ್ನೊಂದು ಅಂಕಿ ಬರೆಯಲಿ, ಈ ಮೀನು ಎಷ್ಟು ಅಡಿ ಬೆಳೆಯುತ್ತದೆ ಅಂತ. 350 ರೂಪಾಯಿ, 4 ಅಡಿ. ಓದಿಯೂ ಕೊಳ್ಳುವವರು ಕೊಳ್ಳಲಿ, ನಾನಂತೂ ಕೊಳ್ಳುತ್ತಿರಲಿಲ್ಲ. ಮೀಸೆಯ ಮೀನೇ ಬೇಕು ಅಂದರೆ ಕೋರಿಡೋರಾಸ್ ಇದೆ, ಎರಡು ಮೂರು ಇಂಚಿಗೆ ನಿಲ್ಲುತ್ತದೆ, ಆರು ಒಟ್ಟಿಗೆ ಬಿಟ್ಟರೆ ತಳದಲ್ಲಿ ಕೋಳಿಮರಿಗಳ ಹಾಗೆ ಕೆದಕುತ್ತಾ ಓಡಾಡುತ್ತವೆ. ಮೀನುಗಾರಿಕೆ ಇಲಾಖೆಯವರೂ ತಾಲ್ಲೂಕಿಗೆ ಒಂದರಂತೆ, ಬೇಡವಾದ ಅಕ್ವೇರಿಯಂ ಮೀನನ್ನು ತಂದು ಕೊಡುವ ಒಂದು ಜಾಗ ಮಾಡಬಹುದು. ಈಗ ಬಿಡುವವರಿಗೆ ಇರುವುದು ಕೆರೆ ಒಂದೇ.

ನಿಮ್ಮ ವರದಿಗಾರರಿಗೂ ಒಂದು ಮಾತು. ಇನ್ನೊಂದು ಸಲ ಇಂಥ ಫೋಟೋ ಹಾಕಿದಾಗ ವಿಚಿತ್ರ, ಅಪರೂಪ ಅಂತ ಬರೆಯದೆ ಮೀನಿನ ಹೆಸರು ಬರೆಯಿರಿ, ಅಕ್ವೇರಿಯಂ ಮೀನು ಅಂತ ಬರೆಯಿರಿ. ಆ ಮೀನು ಆಮೇಲೆ ಏನಾಯಿತು ಅಂತಲೂ ತಿಳಿಸಿ. ವರದಿಯಲ್ಲಿ ಅದು ಇರಲಿಲ್ಲ.

ಅವತ್ತು ಅಂಗಡಿಯಲ್ಲಿ ಐದು ಮರಿ ಇದ್ದವು ಅಂದೆನಲ್ಲ. ಒಂದು ಕೆಂಪಣ್ಣ. ಒಂದು ನಿಮ್ಮ ಫೋಟೋದ್ದು ಇರಬಹುದು, ಇಲ್ಲದೆಯೂ ಇರಬಹುದು. ಉಳಿದವು ಇನ್ನೂ ಇಲ್ಲೇ ಹಾಸನದಲ್ಲಿ ಯಾರ ಮನೆಯಲ್ಲೋ ಮೂತಿ ಉಜ್ಜಿಕೊಂಡು ತಿರುಗುತ್ತಿದ್ದರೆ, ಆ ಮನೆಯವರು ಈ ಭಾನುವಾರ ಬಕೆಟ್ ಹುಡುಕುತ್ತಿದ್ದರೆ, ದಯವಿಟ್ಟು ಪತ್ರಿಕೆಗೆ ತಿಳಿಸಲಿ, ಪತ್ರಿಕೆಯವರು ನನಗೆ ತಿಳಿಸಲಿ. ಅಡ್ಡಗೋಡೆ ಕಟ್ಟಿ ಇನ್ನೊಂದನ್ನು ಇಟ್ಟುಕೊಳ್ಳಲು ತಮ್ಮನನ್ನು ಒಪ್ಪಿಸಿದ್ದೇನೆ. ಒಂದಕ್ಕೆ ಮಾತ್ರ. ಎರಡು ಅಂದರೆ ಅವನು ಫೋನೇ ಎತ್ತುವುದಿಲ್ಲ.

ಇಂತಿ,
ನಿಮ್ಮ ಓದುಗಳು, ಹಾಸನ